ಒಂಬತ್ತೂ ಜಾಗದ ಭಾವನಿಗೆ ಹತ್ತನೆಯ ಹಲಗೆ

ಪ್ರೀತಿಯ ಭಾವ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕ್ಷೇಮಸಮಾಚಾರ. ನಾನು, ಅಂದರೆ ನಿಮ್ಮ ಹೆಂಡತಿಯ ಒಬ್ಬನೇ ತಮ್ಮ ಪ್ರಹ್ಲಾದ, ಕಳೆದ ಮಾರ್ಚಿ ತಿಂಗಳ ಒಂದು ಭಾನುವಾರ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನಲ್ಲಿ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಚುನಾವಣಾ ಅಕ್ರಮ ಎಸಗಿದ್ದೇನೆ. ಮತದಾರರನ್ನು ಕಾರುಗಳಲ್ಲಿ ತುಂಬಿಕೊಂಡು ಹೋಗಿದ್ದೇನೆ. ಅವರಿಗೆ ಬಿಸಿಬೇಳೆಬಾತಿನ ಆಮಿಷ ಒಡ್ಡಿದ್ದೇನೆ. ಬೇಸ್‌ಬಾಲ್ ಚೆಂಡು ಗುಂಡಗಿದೆಯೋ ಚೌಕವಾಗಿದೆಯೋ ತಿಳಿಯದ ಕನ್ನಡಿಗರನ್ನೆಲ್ಲ ನಿಮ್ಮ ಬೇಸ್‌ಬಾಲ್ ಕ್ಲಬ್ಬಿನ ಸದಸ್ಯರನ್ನಾಗಿ ಮಾಡಿದ್ದೇನೆ. ನಮ್ಮ ದೊಡ್ಡಪ್ಪ ಊರಿನ ಸೊಸೈಟಿ ಚುನಾವಣೆಗೆ ಮುಂಚೆ ಇದನ್ನೇ ಮಾಡುತ್ತಿದ್ದರು, ಅದಕ್ಕೆ ‘ಸಂಘಟನೆ’ ಎನ್ನುತ್ತಿದ್ದರು. ಅಪರಾಧ ವಂಶಪಾರಂಪರ್ಯವಾಗಿ ಬಂದಿರುವುದರಿಂದ ನ್ಯಾಯಾಲಯ ಸ್ವಲ್ಪ ಕರುಣೆ ತೋರಿಸಬೇಕು. ಪಶ್ಚಾತ್ತಾಪ ಇದೆಯೇ ಎಂದು ಕೇಳಿದರೆ, ಇಲ್ಲ. ಇನ್ನೊಮ್ಮೆ ಮಾಡಬೇಕಾಗಿ ಬಂದರೆ ಉಪ್ಪು ಸ್ವಲ್ಪ ಕಡಿಮೆ ಹಾಕುತ್ತೇನೆ, ಅಷ್ಟೇ.

ಆಗಸ್ಟಿನ ಆ ಬೆಳಗ್ಗೆ ಅಕ್ಕ ಫೋನ್ ಮಾಡಿದಾಗ ನಾನು ಶೋವ್ಡೆ ಊರಿನ ನನ್ನ ಮನೆಯಲ್ಲಿ ದೋಸೆ ಮಗುಚುತ್ತಿದ್ದೆ. ‘ಪಲ್ಲಿ, ನಿಮ್ಮ ಭಾವ ಬಾತ್‌ರೂಮಿಂದ ಈಚೆ ಬರ್ಲಿಲ್ಲ ಕಣೋ’ ಎಂದಳು. ಅಷ್ಟೇ. ಹೃದಯ ಎಂದರು ಡಾಕ್ಟರು. ಅವತ್ತು ಮಧ್ಯಾಹ್ನ ಪಂದ್ಯವಿತ್ತು. ಐವತ್ತು ಸಮೀಪಿಸಿದರೂ ನೀವಿನ್ನೂ ಆಡುವ ಕೋಚು, ಕೋಚು ಮಾಡುವ ಆಟಗಾರ. ಪಂದ್ಯ ನಡೆಯಲಿಲ್ಲ. ಇಷ್ಟು ವರ್ಷ ಯಾರು ಬರದಿದ್ದರೂ ಅವರ ಜಾಗದಲ್ಲಿ ನೀವು ನಿಂತಿರಿ. ಒಂದು ಸಲ, ಒಂದೇ ಸಲ, ನೀವು ಬರಲಿಲ್ಲ. ನಿಮ್ಮ ಜಾಗದಲ್ಲಿ ನಿಲ್ಲಲು ಯಾರಿಗೂ ಆಗಲಿಲ್ಲ. ಇದನ್ನು ನಿಮಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿ... ಇರಲಿ, ನಗಿಸಲು ಕೂತವನು ಎರಡನೇ ಪ್ಯಾರಾದಲ್ಲೇ ಮೂಗು ಒರೆಸಿಕೊಳ್ಳಬಾರದು.

ದಾವಣಗೆರೆಯ ಕಾಲೇಜು ಮೈದಾನದ ಕಥೆಯನ್ನು ನೀವು ಎಷ್ಟು ಸಲ ಹೇಳಿದಿರಿ! ನೀವು ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರ್. ಬೇಸ್‌ಬಾಲ್ ತಂಡ ಕಟ್ಟಲು ಪಿ.ಟಿ. ಮೇಷ್ಟ್ರಿಗೆ ಒಂಬತ್ತು ಜನ ಬೇಕಿತ್ತು, ಎಂಟು ಜನ ಸಿಕ್ಕಿದ್ದರು. ಉಳಿದವರೆಲ್ಲ ‘ಸರ್, ನಾನು ಬೌಲಿಂಗೇ ಮಾಡೋದು’, ‘ಸರ್, ನಂಗೆ ಮುಂದೇ ನಿಲ್ಲಬೇಕು’ ಎಂದು ಹಟ ಹಿಡಿದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ್ ಜಾಗ ಖಾಲಿ ಐತಿ ಸರ್?’ ನಿಮ್ಮ ಇಡೀ ವೃತ್ತಿಜೀವನ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆಯಲ್ಲವೇ ಭಾವ? ಬೇಸ್‌ಬಾಲ್ ಮೈದಾನದಲ್ಲಿ ಒಂಬತ್ತು ಜಾಗ. ಒಬ್ಬ ಎಸೆಯುತ್ತಾನೆ. ಒಬ್ಬ ಮುಖಕ್ಕೆ ಪಂಜರ ಕಟ್ಟಿಕೊಂಡು ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಾನೆ, ಅವನೇ ಕ್ಯಾಚರ್. ನಾಲ್ವರು ಹತ್ತಿರ, ಮೂವರು ದೂರ. ಇವರಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಕಾಲು ಉಳುಕಿದರೂ, ಯಾರ ಮದುವೆಯಾದರೂ ಅವರ ಜಾಗಕ್ಕೆ ಹೋಗಿ ನಿಲ್ಲುವವನನ್ನು ಯುಟಿಲಿಟಿ ಆಟಗಾರ ಎನ್ನುತ್ತಾರೆ. ಎಲ್ಲ ಜಾಗದ ಕೈಗವಸೂ ಬೇರೆ, ಎಸೆತವೂ ಬೇರೆ, ಕಾಲಿನ ಲಯವೂ ಬೇರೆ. ಒಂಬತ್ತನ್ನೂ ಕಲಿತವನಿಗೆ ಸಿಗುವ ಸನ್ಮಾನ ಒಂದೇ: ಬೆಂಚು.

ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನೆನಪಿದೆಯೇ? ಸೋಫಾದ ತುದಿಯಲ್ಲಿ, ಇನ್ನೇನು ಓಡಿಬಿಡುವವರಂತೆ ಕೂತಿದ್ದಿರಿ. ಅಪ್ಪ ಕನ್ನಡಕ ಸರಿಮಾಡಿಕೊಂಡು ಕೇಳಿದರು.

‘ಏನು ಮಾಡ್ಕೊಂಡಿದೀರಿ?’

‘ಬೇಸ್‌ಬಾಲ್ ಆಡ್ತೀನಿ ಸರ್.’

‘ಸಂತೋಷ. ಕೆಲಸ ಏನು?’

‘ಅದೇ ಕೆಲಸ ಸರ್. ಯುರೋಪಿನ ಕ್ಲಬ್‌ಗಳು ಸಂಬಳ ಕೊಡ್ತಾವೆ.’

‘ಹಂಗಾ. ಯಾವ ಪೊಸಿಷನ್ನು?’

‘ಎಲ್ಲಾದೂ ಸರ್. ಯುಟಿಲಿಟಿ ಅಂತಾರೆ.’

ಅಪ್ಪ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಬೆಂಗಳೂರಿನ ನಮ್ಮ ಫ್ಲ್ಯಾಟುಗಳಲ್ಲಿ ಯುಟಿಲಿಟಿ ಎಂದರೆ ಅಡುಗೆಮನೆಯ ಹಿಂದೆ ವಾಷಿಂಗ್ ಮೆಷೀನಿಟ್ಟು ಪಾತ್ರೆ ತೊಳೆಯುವ ಜಾಗ. ಒಳಗಿನಿಂದ ಅಕ್ಕನ ಧ್ವನಿ ಬಂತು: ‘ಅಪ್ಪ, ಯುಟಿಲಿಟಿ ಇಲ್ದಿರೋ ಮನೆ ನೀವೇ ಬೇಡ ಅಂದಿದ್ರಿ.’ ಅಷ್ಟಕ್ಕೆ ನಿಶ್ಚಯವಾಯಿತು. ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಬೆಂಚಿನ ಮೇಲೆ ಕೂರುವ ಹುಡುಗನನ್ನು ಒಪ್ಪಿದಳು ಎಂದು ನೆಂಟರು ಎಷ್ಟು ಆಡಿಕೊಂಡರು! ಅದೇ ನೆಂಟರ ಮಕ್ಕಳೆಲ್ಲ ಈಗ ಐಟಿ ಕಂಪನಿಗಳಲ್ಲಿ ಬೆಂಚಿನ ಮೇಲೇ ಇದ್ದಾರೆ ಎಂಬ ವಿಷಯವನ್ನು ನಿಮಗೆ ಸಂತೋಷದಿಂದ ತಿಳಿಸುತ್ತಿದ್ದೇನೆ.

ಒಂದು ಸಂಜೆ ನಿಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ನಿಮ್ಮ ಭೂಪಟ ಬಿಡಿಸಿದ್ದಿರಿ. ನೆದರ್‌ಲೆಂಡ್ಸಿನಲ್ಲಿ ಒಬ್ಬನ ಮೊಣಕಾಲು ತಿರುಚಿತು, ನಿಮ್ಮನ್ನು ಕರೆಸಿದರು. ಮೊಣಕಾಲು ವಾಸಿಯಾಯಿತು, ಕೈಕುಲುಕಿ ಕಳಿಸಿದರು. ಜರ್ಮನಿಯಲ್ಲಿ ಇನ್ನೊಬ್ಬನ ಹೆಗಲಿನ ಕೀಲು ತಪ್ಪಿತು, ಅಲ್ಲಿಗೆ ಹೋದಿರಿ. ಕಾರ್ಲ್‌ಸ್ಟಾಡಿನಲ್ಲಿ ಹೋಕನ್ ಎಂಬ ಕ್ಯಾಚರ್‌ನ ಹೆಬ್ಬೆರಳು ಮುರಿಯಿತು, ಸ್ವೀಡನ್ನಿಗೆ ಬಂದಿರಿ. ಬೇರೆಯವರ ವೃತ್ತಿಜೀವನ ಮೆಟ್ಟಿಲು ಹತ್ತಿದರೆ ನಿಮ್ಮದು ಅಂಗರಚನಾಶಾಸ್ತ್ರ ಓದಿತು. ‘ಯಾರಿಗೋ ಪೆಟ್ಟಾದ್ರೆ ನಮಗೆ ಊಟ ಕಣಪ್ಪ, ಒಂಥರಾ ಡಾಕ್ಟ್ರು ಇದ್ದಂಗೆ’ ಎಂದು ನೀವು ನಕ್ಕಿದ್ದಿರಿ. ಹೋಕನ್‌ನ ಹೆಬ್ಬೆರಳು ಕೂಡಿಕೊಂಡಿತು. ಅವನು ತನ್ನ ಜಾಗಕ್ಕೆ ಮರಳಿದ. ಈ ಸಲ ಮಾತ್ರ ಅವರು ನಿಮ್ಮನ್ನು ಕಳಿಸಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತ್ತು, ಇಳಾ ಹುಟ್ಟಿದ್ದಳು, ಮತ್ತು ತಂಡದಲ್ಲಿ ಪ್ರತಿ ವಾರ ಯಾರಿಗಾದರೂ ಏನಾದರೂ ಆಗುತ್ತಲೇ ಇತ್ತು.

ಸುಧಾಕರ ಎಂಬ ಹೆಸರು ಸ್ವೀಡಿಷ್ ಬಾಯಿಗೆ ಉದ್ದವಾಗಿ ಅವರು ನಿಮ್ಮನ್ನು ‘ಸುದ್ದಿಸ್’ ಎಂದು ಕರೆದ ಮೊದಲ ದಿನ ನೀವು ನನಗೆ ಫೋನ್ ಮಾಡಿ, ‘ಲೇ, ಇಲ್ಲಿ ನಾನೇ ಸುದ್ದಿ’ ಎಂದು ಹೆಮ್ಮೆಪಟ್ಟಿರಿ. ಸ್ವೀಡಿಷ್ ಮಕ್ಕಳ ಮಾತಿನಲ್ಲಿ ಸುದ್ದಿಸ್ ಎಂದರೆ ಅಳಿಸುವ ರಬ್ಬರು ಎಂದು ಎಷ್ಟೋ ವರ್ಷಗಳ ಮೇಲೆ ವಿವರಿಸಿದ್ದು ಇಳಾ. ಅವಳಿಗೆ ಆಗ ಆರೋ ಏಳೋ. ನೀವು ಎಷ್ಟು ನಕ್ಕಿರಿ ಎಂದರೆ ಬಿಕ್ಕಳಿಕೆ ಹತ್ತಿತು. ಒಂದೇ ಹೆಸರಿನಲ್ಲಿ ಪ್ರಕಟಣೆಯೂ ಅಳಿಸುವಿಕೆಯೂ ಸೇರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆಗ ನನಗೂ ನಗು ಬಂದಿತ್ತು. ನೀವು ಹೋದ ಮೇಲೆ ಆ ಕ್ಲಬ್ಬಿನ ಗೋಡೆಯ ಮುಂದೆ ನಿಂತಾಗ ಬರಲಿಲ್ಲ.

ಅಕ್ಟೋಬರಿನಲ್ಲಿ ನಿಮ್ಮ ಬ್ಯಾಟು, ಶೂ ತರಲು ಅಕ್ಕ, ಇಳಾರ ಜೊತೆ ಕ್ಲಬ್‌ಮನೆಗೆ ಹೋಗಿದ್ದೆ. ಆ ಗೋಡೆ ನಿಮಗೆ ಗೊತ್ತೇ ಇದೆ. ಮೈದಾನದ ಆಕಾರದಲ್ಲಿ ಒಂಬತ್ತು ಮರದ ಹಲಗೆ, ಒಂದೊಂದು ಜಾಗಕ್ಕೆ ಒಂದೊಂದು ಹೆಸರು, ಕ್ಲಬ್ಬಿನ ಇತಿಹಾಸದಲ್ಲೇ ಆ ಜಾಗದಲ್ಲಿ ಶ್ರೇಷ್ಠನಾದವನದು. ಕ್ಯಾಚರ್ ಹಲಗೆಯ ಮೇಲೆ ಹೋಕನ್. ಉಳಿದ ಎಂಟರ ಮೇಲೆ ಇನ್ನೆಂಟು ಜನ. ನಿಮ್ಮ ಹೆಸರು ಎಲ್ಲೂ ಇಲ್ಲ. ಅಧ್ಯಕ್ಷ ಬೆಂಗ್ಟ್ ಕಾಫಿ ಬಗ್ಗಿಸುತ್ತಿದ್ದರು. ಒಳ್ಳೆಯ ಮುದುಕ, ಬೇಸರವಾದಾಗಲೂ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳುವವರು.

‘ಬೆಂಗ್ಟ್, ಇಲ್ಲಿ ಸುಧಾಕರ್ ಎಲ್ಲಿ?’ ಎಂದೆ.

‘ಯಾವ ಜಾಗಕ್ಕೆ?’ ಎಂದರು ಅವರು, ಬಹಳ ಪ್ರಾಮಾಣಿಕವಾಗಿ.

‘ಎಲ್ಲ ಜಾಗಕ್ಕೂ.’

‘ಅದೇ ಕಷ್ಟ ನೋಡು, ಪ್ರಾಲಾದ್. ಎಲ್ಲ ಜಾಗ ಅನ್ನುವ ಜಾಗ ಇಲ್ಲ. ನಿಯಮದಲ್ಲಿ ಒಂಬತ್ತೇ ಇವೆ.’

ಮೂಲೆಯಲ್ಲಿ ಕೈಗವಸಿಗೆ ಎಣ್ಣೆ ಹಚ್ಚುತ್ತಿದ್ದ ಹೋಕನ್ ತಲೆಯೆತ್ತಲಿಲ್ಲ. ‘ಸುದ್ದಿಸ್ ಎಲ್ಲ ಕಡೆ ಚೆನ್ನಾಗಿ ಆಡಿದ. ಯಾವ ಕಡೆಯೂ ಎಲ್ಲರಿಗಿಂತ ಚೆನ್ನಾಗಿ ಆಡಲಿಲ್ಲ. ನಿಜ ಅದು’ ಎಂದ.

ನಿಜವಂತೆ! ಭಾವ, ನಾನು ಕಾಫಿ ಲೋಟ ಕೆಳಗಿಟ್ಟೆ. ಒಂದೇ ಮೂಲೆಯಲ್ಲಿ ಇಪ್ಪತ್ತು ವರ್ಷ ನಿಂತವನು ಶ್ರೇಷ್ಠ, ಆ ಮೂಲೆ ಖಾಲಿಯಾದಾಗಲೆಲ್ಲ ಓಡಿಹೋಗಿ ನಿಂತು ತಂಡದ ಮಾನ ಉಳಿಸಿದವನು ಏನೂ ಅಲ್ಲ? ಕಂಬಕ್ಕೆ ಕೊಡುವ ಮರ್ಯಾದೆಯನ್ನು ಕಾಲಿಗೆ ಕೊಡಲು ಇವರಿಗೇನು ಕಷ್ಟ? ನಾನು ಶೋವ್ಡೆಯ ಕಂಪನಿಯಲ್ಲಿ ‘ಫುಲ್ ಸ್ಟ್ಯಾಕ್’ ಎಂದು ಹೇಳಿಕೊಂಡರೆ ಸಂಬಳ ಜಾಸ್ತಿ, ನೀವು ಮೈದಾನದಲ್ಲಿ ಅದನ್ನೇ ಮಾಡಿದರೆ ಗೋಡೆಯಲ್ಲಿ ಮೊಳೆ ಹೊಡೆಯಲೂ ಜಾಗವಿಲ್ಲ. ನಾನು ಎದ್ದು ನಿಂತೆ. ಸ್ವೀಡನ್ನಿನಲ್ಲಿ ಯಾರೂ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ನಿಲ್ಲುವುದಿಲ್ಲ, ಅದೊಂದು ಯುದ್ಧಘೋಷಣೆ. ‘ಹಾಗಾದರೆ ಹತ್ತನೆಯ ಹಲಗೆ ಮಾಡಿ’ ಎಂದೆ. ಬೆಂಗ್ಟ್ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು. ‘ವಾರ್ಷಿಕ ಸಭೆಗೆ ಪ್ರಸ್ತಾವ ಕೊಡು. ಸದಸ್ಯರು ತೀರ್ಮಾನ ಮಾಡಲಿ. ಆದರೆ ನೀನು ಸದಸ್ಯ ಅಲ್ಲವಲ್ಲ?’

ಅಕ್ಕ ಕಾರಿನಲ್ಲಿ ನನ್ನನ್ನು ಚೆನ್ನಾಗಿ ತೊಳೆದಳು. ‘ಲೋ, ಅವ್ರು ಬದುಕಿದ್ದಾಗ ಒಂದು ದಿನಾನಾದ್ರೂ ಆ ಗೋಡೆ ಕಡೆ ನೋಡಿದ್ರೇನೋ? ಹಲಗೆ ಬೇಕಾಗಿರೋದು ಅವ್ರಿಗಲ್ಲ, ನಿಂಗೆ.’

‘ನಂಗೇ ಬೇಕು. ಏನೀಗ?’

‘ಏನಿಲ್ಲ. ಸೀಟ್ ಬೆಲ್ಟ್ ಹಾಕ್ಕೊ.’

ಹಿಂದಿನ ಸೀಟಿನಲ್ಲಿದ್ದ ಇಳಾ, ಈಗ ಹದಿನಾರು ಅವಳಿಗೆ, ಕಿವಿಯಿಂದ ಇಯರ್‌ಫೋನು ತೆಗೆದು, ‘ಮಾಮ, ಪ್ಲೀಸ್, ಡೋಂಟ್ ಮೇಕ್ ಎ ಸೀನ್. ನಾನು ಅಲ್ಲಿ ಆಡಬೇಕು’ ಎಂದಳು. ಕೊನೆಯ ಮೂರು ಪದ ಕನ್ನಡದಲ್ಲಿ ಹೇಳಿದ್ದರಿಂದ ವಿಷಯ ಗಂಭೀರ ಎಂದು ಗೊತ್ತಾಯಿತು. ಅವಳು ನಿಮ್ಮ ಹಾಗೆ ಕಡೆಗಣ್ಣಿನಲ್ಲಿ ನಗುವವಳು. ಅವತ್ತು ನಗಲಿಲ್ಲ.

ಅಕ್ಕ ಹೇಳಿದ್ದು ಸುಳ್ಳೇನಲ್ಲ. ನನ್ನ ಮದುವೆಯ ದಿನ ಮಂಟಪದಲ್ಲಿ ಅಪ್ಪನ ಮಣೆ ಖಾಲಿ ಇತ್ತು. ಅಪ್ಪ ಹೋಗಿ ವರ್ಷ ತುಂಬಿತ್ತು ಅಷ್ಟೇ. ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಅಲ್ಲಿ ಯಾರು ಕೂರಬೇಕು ಎಂದು ಜಟಾಪಟಿ ನಡೆಯುತ್ತಿದ್ದಾಗ ಪುರೋಹಿತರು ಗಡಿಯಾರ ನೋಡುತ್ತಿದ್ದರು. ನೀವು ಹಿಂದಿನಿಂದ ಪಂಚೆ ಎತ್ತಿ ಕಟ್ಟುತ್ತ ಬಂದು, ‘ಈ ಜಾಗ ಖಾಲಿ ಐತಾ?’ ಎಂದು ಕೇಳಿ ಅಕ್ಕನ ಪಕ್ಕ ಕೂತೇಬಿಟ್ಟಿರಿ. ಇಡೀ ಮದುವೆ ನಕ್ಕಿತು. ನಾನು ಮಾತ್ರ ಬಾಸಿಂಗದ ಹಿಂದೆ... ಇಳಾಳನ್ನು ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ದಿನವೂ ಬಿಟ್ಟು ಬರುತ್ತಿದ್ದವರು ನೀವು. ನನ್ನ ವರ್ಕ್ ಪರ್ಮಿಟ್ ತೂಗಾಡುತ್ತಿದ್ದ ಚಳಿಗಾಲದಲ್ಲಿ ನಮ್ಮಿಬ್ಬರ ಊರುಗಳ ನಡುವಿನ ದೊಡ್ಡ ಸರೋವರ ಸುತ್ತಿಕೊಂಡು ಶೋವ್ಡೆಗೆ ಬಂದು, ಒಂದು ಉಪದೇಶವನ್ನೂ ಮಾಡದೆ, ನನ್ನ ಬಾತ್‌ರೂಮಿನ ನಲ್ಲಿ ರಿಪೇರಿ ಮಾಡಿ ಹೋದವರೂ ನೀವೇ. ಯಾರ ಬದುಕಿನಲ್ಲಿ ಎಲ್ಲಿ ಸೋರುತ್ತದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಆ ಒಂದು ಹಲಗೆ ನನಗೆ ಬೇಕಿತ್ತು ಭಾವ. ಅಪ್ಪನ ಜಾಗದಲ್ಲಿ ಕೂತವರ ಹೆಸರು ಒಂದು ಗೋಡೆಯಲ್ಲೂ ಇಲ್ಲ ಎಂದರೆ ನಾನು ಸುಮ್ಮನಿರಬೇಕೇ?

ಸುಮ್ಮನಿರಲಿಲ್ಲ. ಸ್ವೀಡನ್ನಿನಲ್ಲಿ ಎಲ್ಲಕ್ಕೂ ಒಂದು ಸಂಘ, ಎಲ್ಲ ಸಂಘಕ್ಕೂ ಒಂದು ವಾರ್ಷಿಕ ಸಭೆ. ಆ ಸಭೆಗೆ ಬರುವವರು ಇಪ್ಪತ್ತು ಜನರೂ ಇರುವುದಿಲ್ಲ ಎಂದು ಇಳಾಳ ಬಾಯಿ ಬಿಡಿಸಿದೆ. ದೊಡ್ಡಪ್ಪನ ರಕ್ತ ಕುದಿಯಿತು. ನಾನು ಸದಸ್ಯನಾದೆ. ನನ್ನ ಹೆಂಡತಿಯನ್ನೂ ಸದಸ್ಯೆ ಮಾಡಿಸಿದೆ. ಯುಗಾದಿ, ದೀಪಾವಳಿಗಳಲ್ಲಿ ಸಿಗುವ ಕಾರ್ಲ್‌ಸ್ಟಾಡಿನ ಕನ್ನಡದ ಕುಟುಂಬಗಳ ಮನೆಮನೆಗೆ ಹೋದೆ. ಗಿರೀಶ ಎಂಬ ಹುಬ್ಬಳ್ಳಿಯ ಗೆಳೆಯ, ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವನು, ಮೊದಲಿಗೆ ತಲೆ ಕೆರೆದುಕೊಂಡ.

‘ಏನ್ ಆಡಬೇಕಾಗ್ತದ ನಾವು?’

‘ಏನೂ ಆಡಬೇಡ. ಹೌದು ಅನ್ನೋಕೆ ಯಾ ಅಂದ್ರೆ ಸಾಕು. ಅಧ್ಯಕ್ಷರು ಸಭೆಗೆ ಒಪ್ಪಿಗೆಯೇ ಅಂತ ಕೇಳ್ತಾರೆ, ಎಲ್ಲರೂ ಯಾ ಅಂತಾರೆ, ಸುತ್ತಿಗೆ ಬೀಳುತ್ತೆ. ಮುಗೀತು.’

‘ಅಷ್ಟೇನಾ? ಊಟ ಐತೋ?’

‘ಬಿಸಿಬೇಳೆಬಾತ್.’

‘ಖಾರಾ ಬೂಂದಿ?’

‘ಅದೂ ಇದೆ.’

‘ಹಂಗಾರ ನಮ್ಮ ಮನ್ಯಾಗ ಎರಡು ಓಟು ಬರ್ಕೋ’ ಎಂದ. ಉಳಿದ ದಿನಗಳಲ್ಲಿ ಬೆಂಗಳೂರು ಕನ್ನಡವನ್ನು ಬಹಳ ಜೋಪಾನವಾಗಿ ಆಡುತ್ತಿದ್ದವನು ಮತದ ಮಾತು ಬಂದ ಕೂಡಲೇ ತನ್ನ ಊರಿನ ನಾಲಿಗೆಗೆ ಇಳಿದಿದ್ದ. ರಾಜಕೀಯ ಎಲ್ಲರನ್ನೂ ಮೂಲಕ್ಕೆ ಮುಟ್ಟಿಸುತ್ತದೆ.

ಭಾಷಣಕ್ಕೆ ನಾನು ಪಟ್ಟ ಪಾಡು ನೋಡಿದ್ದರೆ ನೀವು ಪಂಜರದ ಮುಖವಾಡ ಹಾಕಿಕೊಂಡು ನಗುತ್ತಿದ್ದಿರಿ. ಸ್ವೀಡಿಷ್‌ನಲ್ಲಿ ಬರೆದು, ಇಳಾಳ ಮುಂದೆ ವಿಡಿಯೋ ಕಾಲಿನಲ್ಲಿ ವಾರಗಟ್ಟಲೆ ಓದಿದೆ. ಅವಳು ಮಂಚದ ಮೇಲೆ ಮಲಗಿ ತಿದ್ದುತ್ತಿದ್ದಳು. ‘ಮಾಮ, ನೀನು ಅವರನ್ನ ಬೈತಾ ಇದೀಯಾ, ಕೇಳ್ಕೊಳ್ತಾ ಇದೀಯಾ?’

‘ಬೈತಾ ಇದೀನಿ.’

‘ಸ್ವೀಡಿಷ್‌ನಲ್ಲಿ ಹಾಗೆ ಕಿರುಚಿ ಬೈಯಲ್ಲ. ಮೆಲ್ಲಗೆ ಹೇಳು. ಅವಾಗ ಹೆದರ್ಕೋತಾರೆ.’

ಮೆಲ್ಲಗೆ ಹೇಳುವುದು ಕಲಿತೆ. ‘ಒಂದು ಜಾಗದಲ್ಲಿ ನಿಂತವರ ಹೆಸರು ಬರೆದಿದ್ದೀರಿ. ಅವರು ನಿಲ್ಲಲಾಗದ ದಿನ ನಿಂತವರ ಹೆಸರು ಎಲ್ಲಿ?’ ಎಂಬುದು ಮೊದಲ ವಾಕ್ಯ. ಅದನ್ನು ಕೇಳಿ ಇಳಾ ಎದ್ದು ಕೂತಳು. ಏನೂ ತಿದ್ದಲಿಲ್ಲ. ‘ಅದು ಓಕೆ’ ಎಂದಳು.

ಭಾನುವಾರ ಬಂತು. ಅಕ್ಕ, ಇಳಾ ಸೈಕಲ್ಲಿನಲ್ಲಿ ಮೊದಲೇ ಹೋದರು. ನನ್ನ ಪಡೆ ಗಿರೀಶನ ಮನೆಯ ಮುಂದೆ ಸೇರಿತು. ರೇಷ್ಮೆ ಸೀರೆ, ಮೇಲೆ ಚಳಿಗಾಲದ ದಪ್ಪ ಜಾಕೆಟ್ಟು, ಕಾಲಿಗೆ ಹಿಮದ ಬೂಟು. ಡಬರಿಗಟ್ಟಲೆ ಬಿಸಿಬೇಳೆಬಾತು ಡಿಕ್ಕಿಯಲ್ಲಿ ಹಬೆಯಾಡುತ್ತಿತ್ತು. ಗಿರೀಶ ಒಂದು ಘೋಷಣೆಯನ್ನೂ ಸಿದ್ಧಪಡಿಸಿದ್ದ, ಬಹಳ ಕಷ್ಟಪಟ್ಟು ತಡೆದೆ. ಸೋತರೆ ಮುಂದಿನ ವರ್ಷ ಮತ್ತೆ ತರಬಹುದು ಎಂದು ಬೆಂಗ್ಟ್ ಹೇಳಿದ್ದರು. ಆದರೆ ಮುಂದಿನ ವರ್ಷದ ಹೊತ್ತಿಗೆ ನಿಮ್ಮ ಜೊತೆ ಆಡಿದವರು ಇನ್ನಷ್ಟು ಕಡಿಮೆಯಾಗಿರುತ್ತಾರೆ. ರಬ್ಬರು ಹೀಗೇ ಕೆಲಸ ಮಾಡುವುದು ಭಾವ, ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವೇ. ಆದ್ದರಿಂದ ಇವತ್ತೇ, ಇವತ್ತೇ ಎಂದು ಹಲ್ಲು ಕಚ್ಚಿ ಹೊರಟೆ.

ಮತ್ತು ಗೆದ್ದೆವು ಭಾವ! ನೀವು ಕೇಳದ ಸುದ್ದಿ ಇದು. ಹತ್ತನೆಯ ಹಲಗೆ ಮಂಜೂರಾಯಿತು, ಒಂದೇ ಒಂದು ವಿರೋಧವಿಲ್ಲದೆ. ಬರ್ಚ್ ಮರದ ಹಲಗೆ, ಅದರ ಮೇಲೆ ಸುಧಾಕರ ಎಂದು ಪೂರ್ತಿ ಹೆಸರು, ಕೊನೆಯ ರ ಕೂಡ ಬಿಡದೆ. ಇದಕ್ಕೆ ಮೊಳೆ ಇಲ್ಲ. ಮೇಲೆ ಹಗ್ಗದ ಕುಣಿಕೆ ಇದೆ. ಪಂದ್ಯದ ದಿನ ಕ್ಲಬ್‌ಮನೆಯ ಬಾಗಿಲು ತೆಗೆದವರು, ಅವತ್ತು ಯಾವ ಜಾಗದ ಆಟಗಾರ ಬಂದಿಲ್ಲವೋ ಆ ಹಲಗೆಯ ಮೇಲೆ ನಿಮ್ಮದನ್ನು ನೇತುಹಾಕಬೇಕು. ಗೋಡೆಯ ಮೇಲೂ ನೀವು ಒಂದು ಕಡೆ ನಿಲ್ಲುವುದಿಲ್ಲ. ಕಂಬಗಳ ಊರಿನಲ್ಲಿ ಕಾಲಿಗೆ ಮರ್ಯಾದೆ ಕೊಡಿಸಿದ್ದೇನೆ. ನಿಮ್ಮ ಭಾವಮೈದುನ, ಬೇಸ್‌ಬಾಲ್ ಬ್ಯಾಟನ್ನು ಬಟ್ಟೆ ಒಗೆಯಲು ಬಳಸಬಹುದೇ ಎಂದು ಒಮ್ಮೆ ನಿಮ್ಮನ್ನು ಕೇಳಿದ್ದವನು, ಒಂದು ದೇಶದ ಸಭಾನಿಯಮವನ್ನೇ ಬಗ್ಗಿಸಿ ನಿಮ್ಮ ಹೆಸರು ಬರೆಸಿದ. ನನ್ನ ಸಂಘಟನೆ, ನನ್ನ ಮತದಾರರು, ನನ್ನ ಭಾಷಣ!

ಪತ್ರವನ್ನು ಇಲ್ಲಿಗೇ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನೀವು ಕ್ಯಾಚರ್ ಕೂಡ ಆಗಿದ್ದವರು. ಎಂಥ ಸುಳ್ಳು ಎಸೆದರೂ ಹಿಡಿಯುತ್ತಿದ್ದಿರಿ.

ಸಭೆ ಎರಡು ಗಂಟೆಗೆ ಎಂದರೆ ಸ್ವೀಡನ್ನಿನಲ್ಲಿ ಎರಡು ಗಂಟೆಗೇ. ನಾವು ಹೊರಟ ಮೇಲೆ ಅರ್ಧ ದಾರಿಯಲ್ಲಿ ಗಿರೀಶನಿಗೆ ನೆನಪಾಯಿತು, ಖಾರಾ ಬೂಂದಿ ಮನೆಯಲ್ಲೇ ಉಳಿದಿದೆ. ಬೂಂದಿ ಇಲ್ಲದ ಬಿಸಿಬೇಳೆಬಾತ್ ಬಡಿಸಿ ಯಾವ ಮುಖ ಇಟ್ಟುಕೊಂಡು ಮತ ಕೇಳುವುದು? ಎಲ್ಲ ಕಾರುಗಳೂ ವಾಪಸು ತಿರುಗಿದವು. ಆಮೇಲೆ ಯಾರೋ, ಇಷ್ಟೆಲ್ಲ ರೇಷ್ಮೆ ಉಟ್ಟು ಒಂದು ಗ್ರೂಪ್ ಫೋಟೋ ಆದರೂ ಬೇಡವೇ ಎಂದರು. ನಾವು ಕ್ಲಬ್‌ಮನೆಯ ಬಾಗಿಲು ತಳ್ಳುವ ಹೊತ್ತಿಗೆ ನಿಮ್ಮ ವಿಷಯ ಮುಗಿದು ಎಷ್ಟೋ ಹೊತ್ತಾಗಿತ್ತು.

ಮುಗಿಸಿದವನು ಹೋಕನ್. ಇಳಾ ಆಮೇಲೆ ಹೇಳಿದಳು. ಬೆಂಗ್ಟ್ ನನ್ನ ಪ್ರಸ್ತಾವ ಓದಿ, ಮಂಡಿಸಿದವರು ಬಂದಿಲ್ಲವಲ್ಲ, ಮುಂದಿನ ವರ್ಷಕ್ಕೆ ಹಾಕೋಣವೇ ಎಂದರಂತೆ. ಹೋಕನ್ ಎದ್ದು ನಿಂತು, ತನ್ನ ಹೆಬ್ಬೆರಳನ್ನು ಒಂದು ಸಲ ನೋಡಿಕೊಂಡು, ‘ಬರದವರ ಜಾಗದಲ್ಲಿ ನಾನು ನಿಲ್ಲುತ್ತೇನೆ’ ಎಂದನಂತೆ. ಕುಣಿಕೆಯ ಯೋಚನೆ ಅವನದು. ಬರ್ಚ್ ಹಲಗೆಯೂ ಅವನದೇ, ಮನೆಯಲ್ಲಿ ಚಳಿಗಾಲವಿಡೀ ಉಜ್ಜಿ ನಯ ಮಾಡಿ, ಚೀಲದಲ್ಲಿ ತಂದಿದ್ದ. ಯಾರಿಗೂ ಹೇಳಿರಲಿಲ್ಲ. ಸಭೆ ಯಾ ಎಂದಿತು. ಸುತ್ತಿಗೆ ಬಿತ್ತು. ನನ್ನ ಒಬ್ಬ ಮತದಾರನೂ ಬೇಕಾಗಲಿಲ್ಲ. ನಾನು ವಾರಗಟ್ಟಲೆ ಬಾಯಿಪಾಠ ಮಾಡಿದ ಭಾಷಣ ಈಗಲೂ ನನ್ನ ಗಂಟಲಲ್ಲಿ ಹಾಗೇ ಇದೆ, ಯಾರೂ ಕೇಳಿಲ್ಲ. ಇಷ್ಟು ತಿಂಗಳು ನಾನು ಯಾರ ಮೇಲೆ ಕತ್ತಿ ಮಸೆದೆನೋ ಅವನು ಮರ ಮಸೆಯುತ್ತಿದ್ದ ಭಾವ.

ಇನ್ನೂ ಒಂದಿದೆ. ಇದನ್ನು ಊರಿನವರಿಗೆ ಹೇಳಬೇಡಿ, ನಿಮಗೆ ಅಲ್ಲಿ ಅಪ್ಪ ಸಿಕ್ಕರೆ ಅವರಿಗಂತೂ ಬೇಡವೇ ಬೇಡ. ನಾವು ಒಳಗೆ ನುಗ್ಗಿದಾಗ ಸಭೆಯಲ್ಲಿ ಪದಾಧಿಕಾರಿಗಳ ಆಯ್ಕೆ ನಡೆಯುತ್ತಿತ್ತು. ಕಾರ್ಯಕಾರಿ ಸಮಿತಿಗೆ ಒಬ್ಬ ಸಪ್ಲಿಯಾಂತ್ ಬೇಕಿತ್ತು. ಎಂದರೆ ಬದಲಿ ಸದಸ್ಯ. ಅವನಿಗೆ ಸ್ವಂತದ್ದೊಂದು ಕುರ್ಚಿ ಇಲ್ಲ. ಕಾರ್ಯದರ್ಶಿ ಬರದಿದ್ದರೆ ಕಾರ್ಯದರ್ಶಿ, ಖಜಾಂಚಿ ಬರದಿದ್ದರೆ ಖಜಾಂಚಿ, ಹುಲ್ಲು ಕತ್ತರಿಸುವವನು ಬರದಿದ್ದರೆ ಹುಲ್ಲು. ಯಾರೂ ಮುಂದೆ ಬಂದಿರಲಿಲ್ಲವಂತೆ. ಅಕ್ಕ ಆಗ ಬಾಯಿ ಬಿಟ್ಟಳಂತೆ. ‘ನನ್ನ ತಮ್ಮ ದಾರಿಯಲ್ಲಿದ್ದಾನೆ. ಅವನಿಗೆ ತುಂಬ ಆಸೆ’ ಎಂದಳಂತೆ. ಬೆಂಗ್ಟ್ ಸುತ್ತಿಗೆ ಎತ್ತಿ, ಸಭೆಗೆ ಒಪ್ಪಿಗೆಯೇ ಎಂದು ಕೇಳಿದ್ದಕ್ಕೂ ನಾವು ಬಾಗಿಲು ತೆಗೆದಿದ್ದಕ್ಕೂ ಸರಿಹೋಯಿತು. ಇದು ನಿಮ್ಮ ಹಲಗೆಯ ಮತವೇ ಎಂದುಕೊಂಡು ನನ್ನ ಇಡೀ ಪಡೆ, ರೇಷ್ಮೆ ಸೀರೆ, ಹಿಮದ ಬೂಟು, ಬೂಂದಿ ಡಬ್ಬಿಗಳ ಸಮೇತ, ಛಾವಣಿ ಹಾರಿಹೋಗುವಂತೆ ಯಾ ಎಂದು ಕೂಗಿತು. ಗಿರೀಶ ಎರಡು ಸಲ ಕೂಗಿದ, ಮನೆಯಲ್ಲಿ ಎರಡು ಓಟಿದ್ದವಲ್ಲ. ಇಳಾ ಮುಖ ಮುಚ್ಚಿಕೊಂಡಳು, ಬೆರಳ ಸಂದಿಯಿಂದ ನಗುತ್ತಿದ್ದಳು, ಕಡೆಗಣ್ಣಿನಲ್ಲಿ.

ಮತ್ತು ಅಲ್ಲಿ ಎಲ್ಲರಿಗಿಂತ ಜೋರಾಗಿ, ಎರಡೂ ಕೈ ಮೇಲೆತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂಗಿದವನು ನಾನೇ.

ಇಂತಿ ನಿಮ್ಮ,
ಪ್ರಹ್ಲಾದ
ಅವಿರೋಧವಾಗಿ ಆಯ್ಕೆಯಾದ ಬದಲಿ ಸದಸ್ಯ